ಆರನೇ ದಿನದ ಎಣಿಕೆ

"ಹಾರ್ಬರ್ ರಸ್ತೆ ಬೇಡ, ಒಳದಾರಿಯಲ್ಲಿ ಹೋಗು," ಎಂದರು ಪ್ರಸೀದ ಟೀಚರ್.

ಆಟೋದ ಶಂಸು ಕನ್ನಡಿಯಲ್ಲಿ ನೋಡಿ ನಕ್ಕ. "ನಾವು ಬಲೆ ಹಾಕಿ ಮೀನು ಹಿಡೀತೀವಿ, ನೀವು ಆಟೋ ಹತ್ಕೊಂಡು ಮಕ್ಕಳನ್ನ ಹಿಡೀತೀರಿ. ಯಾವುದು ಕಷ್ಟ ಟೀಚರೇ?"

"ಒಂದು ಮೀನು ತಪ್ಪಿಸಿಕೊಂಡ್ರೆ ನಿಮ್ಮ ಕೆಲಸ ಹೋಗಲ್ಲ."

ಅವರದು ಹೋಗುತ್ತಿತ್ತು. ಅಂದು ಶಾಲೆ ತೆರೆದ ಆರನೇ ದಿನ, ಮಕ್ಕಳ ಎಣಿಕೆ. ಕಲ್ಲಿಕೋಟೆಯ ಅಂಚಿನ ಆ ಕಡಲತೀರದ ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿನ ವರ್ಷ ಹಾಜರಿ ಪುಸ್ತಕದಲ್ಲಿ ಸುಳ್ಳು ಹೆಸರುಗಳು ಸಿಕ್ಕಿಬಿದ್ದಿದ್ದವು. ಈ ಸಲ ಅಧಿಕಾರಿ ಬೆಂಚಿನ ಮೇಲೆ ಕೂತವರನ್ನೇ ಎಣಿಸುವವರಿದ್ದರು. ಎಂಟನೇ ತರಗತಿಯಲ್ಲಿ ಒಬ್ಬರು ಕಡಿಮೆಯಾದರೂ ಎರಡನೇ ಡಿವಿಷನ್, ಅಂದರೆ 'ಬಿ' ಸೆಕ್ಷನ್, ರದ್ದು. ಡಿವಿಷನ್ ಹೋದರೆ ದಿನಗೂಲಿಯ ಪ್ರಸೀದ ಮನೆಗೆ.

ಆ ಒಬ್ಬಳು ನಜ್ಲ. ಮೊನ್ನೆಯ ಬಿರುಗಾಳಿಯಲ್ಲಿ ಅವಳ ತಂದೆಯ ದೋಣಿ ಮಗುಚಿತ್ತು. ತಾಯಿ ಅಂದಿನಿಂದ ಹಾರ್ಬರಿನಲ್ಲೇ ಕೂತಿದ್ದಳು. ಬೆಳಿಗ್ಗೆ ಆ ತಾಯಿಯ ಫೋನ್ ಬಂದಾಗ ಪ್ರಸೀದ ಪೂರ್ತಿ ಕೇಳಿಸಿಕೊಂಡು, "ನಾನೇ ಕರ್ಕೊಂಡು ಬರ್ತೀನಿ, ನೀವು ಬೇರೆ ಯಾರನ್ನೂ ಕಳಿಸ್ಬೇಡಿ," ಅಂದಿದ್ದರು.

ನಜ್ಲ ಅಜ್ಜಿಯ ಜೊತೆ ಹೊಸ್ತಿಲಲ್ಲೇ ಅಪ್ಪನ ದಾರಿ ಕಾಯುತ್ತಿದ್ದಳು. "ಉಪ್ಪ ಸಿಕ್ಕಿದ್ರಾ ಟೀಚರೇ?"

"ಹುಡುಕ್ತಿದ್ದಾರೆ." ಪ್ರಸೀದ ಅವಳ ಕೂದಲು ಬಾಚತೊಡಗಿದರು. "ಇಲ್ಲಿ ಕೂತು ಏನು ಮಾಡ್ತೀಯ? ಕರ್ಕೊಂಡ್ಹೋಗಿ ಅಂತ ನಿನ್ನ ಉಮ್ಮನೇ ಹೇಳಿದ್ದಾರೆ. ಮಧ್ಯಾಹ್ನ ಅವರ ಹತ್ರ ಬಿಡ್ತೀನಿ."

ಶಾಲೆಯ ಜಗಲಿಯಲ್ಲಿ ಹೆಡ್‌ಮಾಸ್ಟರ್ ವಿಜಯರಾಘವನ್ ಕಾಯುತ್ತಿದ್ದರು. ಹುಡುಗಿ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

"ಅವಳಪ್ಪ ಸಿಕ್ಕಿದನಂತಲ್ಲ?"

"ಪೊನ್ನಾನಿ ಕಡೆಯ ದೋಣಿಯವರಿಗೆ. ಮೆಡಿಕಲ್ ಕಾಲೇಜಿಗೆ ತಂದಿದ್ದಾರೆ."

"ಅಯ್ಯೋ ದೇವರೇ. ಮಗುವಿಗೆ ಗೊತ್ತಾ?"

"ಎಣಿಕೆ ಮುಗೀಲಿ."

"ಮಣ್ಣಿಗೆ ಒಯ್ಯೋಕೆ ಮುಂಚೆ ಅದು ಅಪ್ಪನ ಮುಖ ನೋಡಬೇಡ್ವೇ?"

"ಸಂಜೆವರೆಗೆ ಸಮಯ ಇದೆ ಸರ್."

ಹೆಡ್‌ಮಾಸ್ಟರ್ ಒಳಗೆ ನಡೆದರು. ಡಿವಿಷನ್ ಅವರಿಗೂ ಬೇಕಿತ್ತು.

ಅಧಿಕಾರಿ ತಡವಾಗಿ ಬಂದರು. ಬಾಳೆಹಣ್ಣಿನ ಬಜ್ಜಿ ತಿಂದರು, ಚಹಾಕ್ಕೆ ಸಕ್ಕರೆ ಸಾಲದು ಎಂದರು, ಹತ್ತನೇ ತರಗತಿಯಿಂದ ಶುರುಮಾಡಿದರು. ಎಂಟಕ್ಕೆ ಇಳಿಯುವಾಗ ಮಧ್ಯಾಹ್ನದ ಗಂಜಿ ಬೆಂದಿತ್ತು. ಪ್ರಸೀದ ಅವರ ಫೋನ್ ಪರ್ಸಿನೊಳಗೆ ಮತ್ತೆ ಮತ್ತೆ ನಡುಗುತ್ತಿತ್ತು. ಅವರು ತೆಗೆಯಲಿಲ್ಲ.

"ಏನಮ್ಮಾ, ಶಾಲೆ ಅಂದ್ರೆ ಅಷ್ಟೊಂದು ಬೇಜಾರಾ?" ಅಧಿಕಾರಿ ನಜ್ಲಳ ಮುಂದೆ ನಿಂತರು.

"ತಿಂಡಿ ತಿಂದಿಲ್ಲ ಸರ್, ಅಷ್ಟೇ," ಎಂದರು ಪ್ರಸೀದ.

ಅಧಿಕಾರಿಯ ಪೆನ್ನು ಮುಂದಿನ ಬೆಂಚಿಗೆ ಸರಿಯಿತು. ಡಿವಿಷನ್ ಉಳಿಯಿತು.

ಆಟೋ ಹಾರ್ಬರಿಗೆ ತಿರುಗದೆ ಮೆಡಿಕಲ್ ಕಾಲೇಜಿನ ಕಡೆಗೆ ನೇರ ಹೋದಾಗ ನಜ್ಲಳಿಗೆ ಅರ್ಥವಾಯಿತು. ಪ್ರಸೀದ ಅವಳ ಕೈ ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ.

ವಾರ್ಡಿನ ಬಾಗಿಲಲ್ಲಿ ತಾಯಿ ನಿಂತಿದ್ದಳು. ಮಗಳನ್ನು ಸೆರಗಿನೊಳಗೆ ಎಳೆದುಕೊಂಡು, ಟೀಚರ್ ಮುಖವನ್ನೇ ನೋಡಿದಳು.

"ಬೆಳಿಗ್ಗೆ ಬಿಡಿಸಿ ಹೇಳಿದ್ನಲ್ಲ ಟೀಚರೇ, ಅವರಿಗಿನ್ನೂ ಜೀವ ಇದೆ, ಸಂಜೆ ದಾಟೋದು ಕಷ್ಟ ಅಂತಾರೆ, ಮಗಳನ್ನೇ ಕೇಳ್ತಿದ್ದಾರೆ ಅಂತ, ಈಗಷ್ಟೇ ಹೋದ್ರು, ಅಲ್ಲೀತನಕ ಈ ಬಾಗಿಲನ್ನೇ ನೋಡ್ತಿದ್ರು."