ಗಟ್ಟಿ ಕತ್ತು

ಹದಿಮೂರು ವರ್ಷದ ಇಂಪನಾಗೆ ಅಂದು ಮೊದಲ ಡರ್ಟ್ ಬೈಕ್ ರೇಸು. ಹೆಲ್ಮೆಟ್ಟು, ಬೂಟು, ಎದೆಗವಚ ಎಲ್ಲ ಹಾಕಿಕೊಂಡಾಗಿತ್ತು. ಕೋಚ್ ಗಣಪಯ್ಯ ನೆಕ್ ಬ್ರೇಸ್ ತಂದು ಅವಳ ಹೆಗಲ ಮೇಲೆ ಇಡುವಷ್ಟರಲ್ಲಿ ಅವಳ ಅಪ್ಪ ಲೋಹಿತಾಶ್ವ ಕೈ ಅಡ್ಡ ಹಿಡಿದರು. ಅವರು ಊರಿನ ಹಳೇ ಚಾಂಪಿಯನ್. ಟ್ರೋಫಿಗಳು ಮನೆಯ ಶೋಕೇಸಿನಲ್ಲಿದ್ದವು. ಸಲಹೆಗಳು ಮಾತ್ರ ಅವರ ಜೊತೆಗೇ ಎಲ್ಲ ಕಡೆ ಬರುತ್ತಿದ್ದವು.

“ಇದೇನ್ರೀ ಇದು, ಎತ್ತಿಗೆ ನೊಗ ಹೂಡ್ದಂಗೆ?”

“ಬಿದ್ರೆ ಕತ್ತು ಮುರೀದಂಗೆ ತಡೆಯುತ್ತೆ ಸಾರ್. ಇದಿಲ್ದೆ ಮಕ್ಕಳನ್ನ ಟ್ರ್ಯಾಕಿಗೆ ಬಿಡೋಕಾಗಲ್ಲ.”

“ಬೀಳೋ ಯೋಚ್ನೆ ಇರೋರು ಮನೇಲಿ ಸೋಫಾ ಮೇಲೆ ಕೂತ್ಕೋಬೇಕು. ನಾವು ಬರೀ ಬನೀನಲ್ಲಿ ಓಡ್ಸಿದೀವಿ. ಏನಾಯ್ತು ನಮಗೆ?”

ಸುತ್ತ ನಿಂತಿದ್ದ ಅಪ್ಪಂದಿರು ಹೌದೌದೆಂದು ತಲೆಯಾಡಿಸಿದರು. ಅವರಲ್ಲೊಬ್ಬರಂತೂ ತಮ್ಮ ಮಗನ ಬ್ರೇಸನ್ನು ಬಿಚ್ಚಲು ಶುರುಮಾಡಿದರು.

ಇಂಪನಾ ವಾದ ಮಾಡಲಿಲ್ಲ. ಕೋಚ್ ಕೈಯಿಂದ ಬ್ರೇಸ್ ತೆಗೆದುಕೊಂಡು, ಅಪ್ಪನ ಬೆನ್ನ ಹಿಂದೆ ಹೋಗಿ ನಿಂತು, ತಾನೇ ಅದರ ಪಟ್ಟಿ ಬಿಗಿದುಕೊಂಡಳು.

“ಅಪ್ಪಾಜಿ, ಹಾಕ್ಕೊಂಡಾಯ್ತು. ಸ್ವಲ್ಪ ಹಿಂದೆ ತಿರುಗಿ ನೋಡಿ, ಸರಿಯಾಗಿದೆಯಾ?”

ತಮ್ಮ ಕೊನೆಯ ರೇಸಿನಲ್ಲಿ ತಲೆಕೆಳಗಾಗಿ ಬಿದ್ದಂದಿನಿಂದ ಲೋಹಿತಾಶ್ವರ ಕತ್ತು ಯಾವ ಕಡೆಗೂ ತಿರುಗುತ್ತಿರಲಿಲ್ಲ. ಮಗಳನ್ನು ನೋಡಲು ಅವರು, ಬೀರು ಜರುಗಿಸಿದ ಹಾಗೆ, ಇಡೀ ಮೈಯನ್ನೇ ನಿಧಾನವಾಗಿ ತಿರುಗಿಸತೊಡಗಿದರು.