ಮುತ್ತನ ಪಾಲಿನ ಅನ್ನ

"ಅಮ್ಮಾ, ಈಗ ಬಡ್ಸ್ಕಂಬುದ್ ನಿನ್ ಹಸಿವಿಗಾ, ಅಪ್ಪಯ್ಯನ್ ಹಸಿವಿಗಾ?"

ಮಗಳು ಪೂಜಿತಾ ಮೆಲ್ಲನೆ ಕೇಳಿದ್ದೇ ತಡ, ಎರಡನೆಯ ಸಲ ಅನ್ನ ಬಡಿಸಿಕೊಳ್ಳಲು ಹೊರಟ ಜಲಜಳ ಕೈ ಪಾತ್ರೆಯ ಮೇಲೆಯೇ ನಿಂತಿತು.

ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುತ್ತಿದ್ದ ಗಂಡ ಮುತ್ತ ಎದೆನೋವಿನಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ಜಲಜ ಮಾತ್ರ ಇಂದಿಗೂ ಅವನ ಪಾಲಿನ ಕುಚ್ಚಲಕ್ಕಿಯನ್ನು ಬೇಯಲು ಹಾಕುತ್ತಿದ್ದಳು. ಆ ಅನ್ನವನ್ನು ಚೆಲ್ಲಲು ಮನಸ್ಸು ಬಾರದೆ ತಾನೇ ಉಣ್ಣುತ್ತಿದ್ದಳು. ಮೈ ಭಾರವಾಗುತ್ತ ಹೋಯಿತು. ಕಳೆದ ತಿಂಗಳು ಮೀನು ಮಾರಲು ಬುಟ್ಟಿ ಹೊತ್ತು ನಡೆಯುವಾಗ ಮೊಣಕಾಲು ಸೋತು ರಸ್ತೆಯಲ್ಲೇ ಕುಸಿದಳು. ತೂಕ ಇಳಿಯದಿದ್ದರೆ ಇನ್ನು ಬುಟ್ಟಿ ಹೊರುವಂತಿಲ್ಲ ಎಂದರು ಡಾಕ್ಟರು. ಅಂದಿನಿಂದ ಪೂಜಿತಾ ಊಟದ ಹೊತ್ತಿಗೆ ಟಿವಿ ಆರಿಸಿ ಅಮ್ಮನ ಎದುರು ಕುಳಿತುಕೊಳ್ಳುತ್ತಿದ್ದಳು. ಪ್ರತಿ ತುತ್ತನ್ನೂ ನಿಧಾನವಾಗಿ ಅಗಿಯಲು ಹೇಳುತ್ತಿದ್ದಳು. ಸಂಜೆ ಕೈಹಿಡಿದು, ಹೊಳೆ ಕಡಲು ಸೇರುವ ಅಳಿವೆಯವರೆಗೆ ನಡೆಸುತ್ತಿದ್ದಳು. ಆದರೆ ಮುತ್ತನ ಪಾಲಿನ ಅನ್ನದ ಮಾತನ್ನು ಮನೆಯಲ್ಲಿ ಇಂದಿನವರೆಗೆ ಯಾರೂ ಎತ್ತಿರಲಿಲ್ಲ.

ಜಲಜ ಕಣ್ಣು ಮುಚ್ಚಿ ತನ್ನ ಹೊಟ್ಟೆಯನ್ನು ಕೇಳಿಕೊಂಡಳು. ಅದು ಆಗಲೇ ತುಂಬಿತ್ತು. ಅವಳು ಪಾತ್ರೆಗೆ ಮುಚ್ಚಳ ಹಾಕಿದಳು.

"ಅವ್ರ್ ಇನ್ ಉಂಬುಕ್ ಬಪ್ಪುದಿಲ್ಲ, ಮಗಾ," ಎಂದಳು. "ನಾಳಿಂದ ನಮ್ಮಿಬ್ರಿಗೆ ಬೇಕಾದಷ್ಟೇ ಅಕ್ಕಿ ಹಾಕ್ತೆ."

ಹೇಳಿ ಮುಗಿಸುತ್ತಲೇ, ಗಂಡ ಸತ್ತ ದಿನವೂ ಅಳದಿದ್ದ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಪೂಜಿತಾ ತಡೆಯಲಿಲ್ಲ.