ಪರದೆಯ ಮಾತೇ ಕೊನೆಯ ಮಾತು

ಆರನೇ ಕೋಣೆಯ ಅಜ್ಜಿಯ ದಿಂಬಿನ ಚೀಲದೊಳಗೆ ಮಾತ್ರೆಗಳು ಸಿಕ್ಕವು. ಹದಿಮೂರು. ಒಂದೆರಡು ಅರ್ಧ ಕರಗಿದ್ದವು.

ತನ್ನ ದಿಂಬಿಗೆ ಯಾರೂ ಕೈ ಹಾಕಕೂಡದೆಂದು ಇಷ್ಟು ದಿನ ಕಿರುಚುತ್ತಿದ್ದ ಅಜ್ಜಿ, ಗಾಲಿಯ ಮೇಲೆ ಬಂದು ನಿಂತ ವಿಡಿಯೋ ಪರದೆ “ಕೊಡಿ ಅಜ್ಜೀ” ಎಂದ ಕೂಡಲೇ ತಪ್ಪು ಒಪ್ಪಿಕೊಂಡ ಮಗುವಿನಂತೆ ದಿಂಬನ್ನು ಮುಂದೆ ಹಿಡಿದಿದ್ದಳು. ವೃದ್ಧಾಶ್ರಮದ ಮೇಲ್ವಿಚಾರಕರು ಮಾತ್ರೆಗಳನ್ನು ಅಂಗೈಯಲ್ಲಿ ಹರಡಿಕೊಂಡು ನಿಂತರು. ಪರದೆಗೆ ಕೈಮುಗಿಯುವುದೊಂದು ಬಾಕಿ.

“ಅಷ್ಟು ದೂರದ ಪಟ್ಟಣದಲ್ಲಿ ಕೂತು ಇದು ನಿಮಗೆ ಹೇಗಮ್ಮಾ ಗೊತ್ತಾಯ್ತು?”

ಪರದೆಯೊಳಗಿನ ನರ್ಸಮ್ಮ ಒಮ್ಮೆ ತನ್ನ ಮೇಜಿನತ್ತ ಬಗ್ಗಿ ನೋಡಿ ತಲೆಯೆತ್ತಿದಳು. “ನೋಡೋರು ನೋಡಿದ್ರೆ ಗೊತ್ತಾಗುತ್ತೆ ಸಾರ್. ಡಾಕ್ಟರಿಗೆ ಹೇಳಿ ಮಾತ್ರೆ ಬದಲು ಸಿರಪ್ ಬರೆಸಿ. ಮೂರನೇ ಹಾಸಿಗೆ ಮೇಷ್ಟ್ರ ಎಡ ಹಿಮ್ಮಡಿ ಕೆಂಪಾಗಿದೆ, ಗಾಳಿ ಹಾಸಿಗೆ ತರಿಸಿ. ತಡ ಮಾಡಿದ್ರೆ ಹುಣ್ಣಾಗುತ್ತೆ, ಆಮೇಲೆ ಕಾಲಿಗೇ ಕುತ್ತು.”

ಮೇಲ್ವಿಚಾರಕರು ಬಾಗಿಲಲ್ಲಿ ನಿಂತಿದ್ದ ಆಶ್ರಮದ ಸಿಸ್ಟರ್ ಕಡೆ ತಿರುಗಿದರು.

“ಕೇಳಿಸ್ತಾ ಸಿಸ್ಟರ್? ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದೀರಿ. ಏನು ಮಾಡ್ತಿದ್ರಿ?”

“ಬರೀತಿದ್ದೆ ಸಾರ್.”

ಅದೂ ನಿಜವೇ. ಯಾರು ಎಷ್ಟು ನೀರು ಕುಡಿದರು, ಯಾರ ಬೆನ್ನು ಎಲ್ಲಿ ಕಂದಿತು, ಯಾರು ಊಟ ಮುಟ್ಟದೆ ತಟ್ಟೆ ಸರಿಸಿದರು, ಯಾರು ದಿಂಬು ಮುಟ್ಟಲು ಬಿಡಲಿಲ್ಲ ಎಂದು ದಪ್ಪ ರಿಜಿಸ್ಟರಿನ ತುಂಬ ಇರುವೆ ಸಾಲಿನಂಥ ಅಕ್ಷರ. ಮೇಲ್ವಿಚಾರಕರು ಪ್ರತಿ ಪುಟಕ್ಕೂ ಸಹಿ ಹಾಕುತ್ತಿದ್ದರು. ಓದುವ ಗೋಜಿಗೆ ಹೋದವರಲ್ಲ. ಬಾಯಿ ತೆರೆದರೆ ಅದು ಬೇಕು, ಇದು ಸೋರುತ್ತಿದೆ ಅನ್ನುವ ಹೆಂಗಸು. ಬರಹದಲ್ಲಿ ಬೇರೇನು ಇದ್ದೀತು? ಬೆನ್ನ ಹಿಂದೆ ಅವಳನ್ನು ಅವರು ‘ಗೊಣಗಮ್ಮ’ ಎಂದೇ ಕರೆಯುವುದು.

ಪರದೆ ಬಂದು ಎರಡು ತಿಂಗಳಾಗಿತ್ತು. ಡಾಕ್ಟರು ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುವ ಊರಿಗೆ ಅದು ದೊಡ್ಡ ಸಂಗತಿಯೇ. ನೀರಿನ ಟ್ಯಾಂಕಿನ ಮೇಲೆ ಆಂಟೆನಾ ಎದ್ದಿತು. ದಿನಾ ಬೆಳಿಗ್ಗೆ ಕಳಿಸಬೇಕಾದ ಕಾಗದಗಳ ಪಟ್ಟಿಯನ್ನು ಪರದೆ ಒದಗಿಸಿದ ಕಂಪನಿಯವರು ಕೊಟ್ಟು ಹೋದರು: ಹಾಜರಿ, ಅಡುಗೆಯ ವಿವರ, ರಿಜಿಸ್ಟರಿನ ಪುಟ. ಮೇಲ್ವಿಚಾರಕರು ಚಹಾ ಕುಡಿಯುತ್ತಲೇ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಒಂಬತ್ತಕ್ಕೆ ಪರದೆ ಕೋಣೆ ಕೋಣೆ ಸುತ್ತುತ್ತಿತ್ತು.

ಮೊದಲ ವಾರದಲ್ಲೇ ಅವರು ಹಜಾರದ ಗೋಡೆಗೆ ಒಂದು ಹಲಗೆ ಹೊಡೆಸಿದರು: ‘ಶುಶ್ರೂಷೆಯ ವಿಷಯದಲ್ಲಿ ಪರದೆಯ ಮಾತೇ ಕೊನೆಯ ಮಾತು. ಎದುರಾಡುವಂತಿಲ್ಲ.’ ಕೆಳಗೆ ಹಲಗೆಯ ಅರ್ಧದಷ್ಟು ಸಹಿ.

ಗಾಳಿ ಹಾಸಿಗೆ ಮೂರು ದಿನದಲ್ಲಿ ಬಂತು. ಸಿಸ್ಟರ್ ಅದಕ್ಕಾಗಿ ಮೂರು ವರ್ಷ ಕೇಳಿದ್ದಳು.

“ಸಿಸ್ಟರಮ್ಮಾ,” ಎಂದರು ಅದರ ಮೇಲೆ ಮಲಗಿದ ಮೇಷ್ಟ್ರು, “ನೀನೂ ಒಂದು ಚೌಕಟ್ಟು ಕಟ್ಟಿಕೊಂಡು ಅದರೊಳಗಿಂದ ಮಾತಾಡಿದ್ರೆ ನನ್ನ ಕಾಲಿಗೆ ಯಾವತ್ತೋ ಸುಖ ಬರ್ತಿತ್ತು ನೋಡು.”

ಸಿಸ್ಟರ್ ನಗಲಿಲ್ಲ. ಟವೆಲನ್ನು ನಾಲ್ಕು ಮಡಿಕೆ ಮಾಡಿ ಮೀನಖಂಡದ ಅಡಿ ಇಟ್ಟಳು. ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ನಿಂತಿತು.

ಅದೇ ಸಂಜೆ ಮೇಲ್ವಿಚಾರಕರು ಆಶ್ರಮದ ಸಮಿತಿಯ ಅಧ್ಯಕ್ಷರಿಗೆ ಬರೆದರು: ಪರದೆ ಇರುವಾಗ ಸಿಸ್ಟರ್ ಯಾಕೆ? ಎತ್ತಿ ಕೂರಿಸಲು ಇಬ್ಬರು ಆಯಾಗಳಿದ್ದಾರೆ, ಸಾಕು. ಅಧ್ಯಕ್ಷರು ಹೂಂ ಅಂದರು.

ಪತ್ರ ಕೈಗೆ ಕೊಟ್ಟಾಗ ಸಿಸ್ಟರ್ ಅದನ್ನು ಎರಡು ಸಲ ಓದಿದಳು. “ಮನೇಲಿ ಅತ್ತೆ ಹಾಸಿಗೆ ಹಿಡಿದಿದಾರೆ ಸಾರ್. ಬೇರೆ ಊರಿಗೆ ಕೆಲಸಕ್ಕೆ ಹೋಗೋ ಹಾಗಿಲ್ಲ. ನನಗೆ ಇರೋದು ಇದೊಂದೇ.”

“ಕಾಲ ಬದಲಾಗಿದೆ ಸಿಸ್ಟರ್. ಇನ್ಮೇಲೆ ಎಲ್ಲಾ ಪರದೆಯಲ್ಲೇ.”

“ಹಾಗಂತೀರಾ?” ಅವಳು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿದಳು. “ಹಾಗಾದ್ರೆ ಹತ್ತೊಂಬತ್ತು ವರ್ಷ ಇಲ್ಲಿ ಕೆಲಸ ಮಾಡಿದೀನಿ, ರಿಜಿಸ್ಟರ್ ಬರೆದಿದ್ದು ನಾನೇ ಅಂತ ಒಂದು ಸಾಲು ಬರೆದುಕೊಡಿ.”

ಕಾಟ ತಪ್ಪಿತಲ್ಲ ಎಂಬ ಖುಷಿಗೆ ಮೇಲ್ವಿಚಾರಕರು ನಾಲ್ಕು ಸಾಲು ಬರೆದುಕೊಟ್ಟರು.

ಮರುದಿನ ಒಂಬತ್ತಕ್ಕೆ ಪರದೆಯ ನರ್ಸಮ್ಮ ಮೇಜಿನತ್ತ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು.

“ಸಾರ್, ರಿಜಿಸ್ಟರಿನ ಪುಟ ಬಂದಿಲ್ಲ.”

“ಬರೆಯೋರನ್ನ ಮನೆಗೆ ಕಳಿಸಿ ಆಯ್ತಲ್ಲಮ್ಮ. ನೀವೇ ನೋಡಿ ಹೇಳಿ.” ಅವರು ಪರದೆಯನ್ನು ಮೇಷ್ಟ್ರ ಹತ್ತಿರಕ್ಕೆ ನೂಕಿದರು.

“ಇಲ್ಲಿಂದ ನನಗೆ ಕಾಣ್ತಿರೋದು ಒಂದು ಕಂಬಳಿ ಸಾರ್.”

“ಕಂಬಳಿ ಒಳಗೆ ನಾನಿದೀನಿ ತಾಯಿ,” ಎಂದರು ಮೇಷ್ಟ್ರು. “ಹಿಮ್ಮಡಿ ಮತ್ತೆ ಉರೀತಿದೆ.”

ನಾಲ್ಕು ದಿನ ಇದೇ ಹಾಡು. ಆರನೇ ಕೋಣೆಯ ಅಜ್ಜಿ ಸಿರಪ್ಪನ್ನೂ ಕಿಟಕಿಯಾಚೆ ಉಗುಳಲು ಕಲಿತಳು. ಅದನ್ನು ಕಂಡವರಿಲ್ಲ, ಬರೆದವರಿಲ್ಲ. ಮೇಷ್ಟ್ರ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ಮೇಲ್ವಿಚಾರಕರು ತಲೆ ಕೆಟ್ಟು ಕಂಪನಿಗೆ ಖಾರವಾಗಿ ಬರೆದರು: ‘ನಿಮ್ಮ ನರ್ಸಮ್ಮನಿಗೆ ಕಣ್ಣು ಮಂಜಾದಂತಿದೆ. ನಮ್ಮಲ್ಲಿರುವ ಒಬ್ಬೊಬ್ಬರ ಮೈ ಮನಸ್ಸು ಬಲ್ಲ ಹಿರಿಯ ತಜ್ಞರೇ ಬೇಕು.’ ಕಂಪನಿ ಕೂಡಲೇ ಒಪ್ಪಿತು. ಅಂಥವರೊಬ್ಬರು ಸಿಕ್ಕಿದ್ದಾರೆ, ಮನೆಯಿಂದಲೇ ಕೆಲಸ ಮಾಡುತ್ತಾರೆ, ಸೋಮವಾರ ಪರದೆಗೆ ಬರುತ್ತಾರೆ ಎಂದು ಉತ್ತರ.

ಸೋಮವಾರ ಪರದೆಯ ಗಾಜು ಒರೆಸಿದ್ದಾಯಿತು. ಅಧ್ಯಕ್ಷರನ್ನೂ ಕರೆಸಿ ಮೇಷ್ಟ್ರ ಹಾಸಿಗೆಯ ಪಕ್ಕ ಕುರ್ಚಿ ಹಾಕಿದ್ದಾಯಿತು. “ನೋಡ್ತಿರಿ ಸಾರ್, ಎಂಥವರನ್ನ ತರಿಸಿದೀನಿ ಅಂತ,” ಎಂದು ಮೇಲ್ವಿಚಾರಕರು ಗುಂಡಿ ಒತ್ತಿದರು. ಯಾರದೋ ಮನೆಯ ಚಿಕ್ಕ ಕೋಣೆ ಮೂಡಿತು. ಹಿಂದೆ ಮಂಚದ ಮೇಲೊಬ್ಬ ಮುದುಕಿ. ಅವಳ ಕಾಲಿನಡಿ ನಾಲ್ಕು ಮಡಿಕೆಯ ಟವೆಲ್. ಮೊದಲು ನಕ್ಕವರು ಮೇಷ್ಟ್ರು.

“ನಮಸ್ಕಾರ ಸಾರ್,” ಎಂದಳು ಸಿಸ್ಟರ್, ಪರದೆಯೊಳಗಿಂದ. “ಮೊದಲನೇದು ಬರ್ಕೊಳ್ಳಿ: ಅಲ್ಲಿಗೆ ತಕ್ಷಣ ಒಬ್ಬ ನರ್ಸ್ ಬೇಕು.”